ಅಕ್ಕನ ಕೈಗೆ ಕಟ್ಟಿದ ಮದ್ದು

ಹೊಂಗೆ ಎಣ್ಣೆಯಲ್ಲಿ ಸೊಪ್ಪು ಕಾಯಿಸಿದ ವಾಸನೆ ನನಗೆ ಆಗಿಬರುವುದಿಲ್ಲ. ಹೋದ ವಾರ ಚಳ್ಳಕೆರೆಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕನ್ನಡದ ಮೇಡಂ ಒಂದು ಸಣ್ಣ ಸೀಸೆ ತೆಗೆದು, ಕತ್ತಿನ ಮೇಲೆದ್ದ ಗಂಧೆಗೆ ಹಚ್ಚಿಕೊಳ್ಳತೊಡಗಿದರು. ಮನೆಯಲ್ಲೇ ಮಾಡಿದ್ದಂತೆ. ಹೊಂಗೆ ಎಣ್ಣೆ, ಬೇವು, ಅರಿಸಿನ, ಇನ್ನೂ ಏನೇನೋ. "ಸೈಂಟಿಫಿಕ್ ಆಗಿ ಪ್ರೂವ್ ಆಗೈತಂತೆ ಕಣ್ರಿ, ವಾಟ್ಸಾಪಲ್ಲಿ ಬಂದಿತ್ತು. ನೀವು ವಿಜ್ಞಾನದೋರು, ನೀವೇ ಹೇಳ್ರಿ," ಎಂದರು. ನನಗೆ ಎಲ್ಲಿತ್ತೋ ಸಿಟ್ಟು. "ಬೇವು, ಅರಿಸಿನ ಲ್ಯಾಬಿನ ತಟ್ಟೇಲಿ ಕ್ರಿಮಿ ಬೆಳೆಯೋದನ್ನ ತಡೀತಾವೆ, ನಿಜ. ಆದ್ರೆ ನಿಮ್ಮ ಕತ್ತು ತಟ್ಟೆ ಅಲ್ವಲ್ಲ ಮೇಡಂ. ನಿಮ್ಮ ಗಂಧೆ ಕ್ರಿಮಿಯಿಂದ ಬಂತೋ, ಆ ಹೊಸ ಸರದಿಂದ ಬಂತೋ, ಅದು ಗೊತ್ತೈತಾ?" ಎಂದೆ. ಅವರು ಸೀಸೆಯ ಮುಚ್ಚಳ ತಿರುಗಿಸಿ ಬ್ಯಾಗಿಗೆ ಹಾಕಿಕೊಂಡರು. ಆಮೇಲೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಅವರಿಗೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಸಿಟ್ಟು ಅವರ ಮೇಲಿನದ್ದಲ್ಲ. ಅದು ಮೊಳಕಾಲ್ಮೂರಿನದು, ನನ್ನ ಅಕ್ಕ ಕೈ ಕಳೆದುಕೊಂಡ ವರ್ಷದ್ದು.

ಆ ವರ್ಷ ನಾನು ಬಿಎಸ್ಸಿ ಮುಗಿಸಿ ಬಿ.ಇಡಿ ಸೀಟಿಗೆ ಕಾಯುತ್ತಿದ್ದೆ. ಸುಮ್ಮನೆ ಹಟ್ಟಿಯಲ್ಲಿ ಕೂತು ಏನು ಮಾಡುತ್ತೀ ಎಂದು ಅಕ್ಕ ಮೊಳಕಾಲ್ಮೂರಿಗೆ ಕರೆಸಿಕೊಂಡಳು. ಅಲ್ಲೇ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. ನಮ್ಮದು ಕುರಿ ಕಾಯುವವರ ಮನೆ. ಹಟ್ಟಿ ಇರುವುದು ಕುದಾಪುರದ ಹತ್ತಿರ, ವರವು ಕಾವಲೆಂಬ ಹುಲ್ಲುಗಾವಲಿನ ಅಂಚಿನಲ್ಲಿ. ಅಕ್ಕ ಗಂಗಮ್ಮನನ್ನು ಕೊಟ್ಟಿದ್ದು ಮಾತ್ರ ಮೊಳಕಾಲ್ಮೂರಿಗೆ. ಭಾವ ತಿಪ್ಪೇಸ್ವಾಮಿ ಅಕ್ಕಿ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ. ಮಾತು ಕಡಿಮೆ, ಒಳ್ಳೆಯವನು. ಅಕ್ಕ ಮದುವೆಯಾಗಿ ಬಂದ ಮೇಲೆ ಬೀದಿಯ ಕೊನೆಯ ಮಗ್ಗದ ಮನೆಯಲ್ಲಿ ರೇಷ್ಮೆ ನೂಲು ಸುತ್ತುವುದನ್ನು ಕಲಿತಳು. ಕುರಿ ತುಪ್ಪಟ ಹಿಂಜಿ ಬೆಳೆದ ಕೈ ಅದು, ರೇಷ್ಮೆಗೆ ಎಷ್ಟು ಬೇಗ ಹೊಂದಿಕೊಂಡಿತೆಂದರೆ ಮಾಲೀಕರೇ ಬೆರಗಾಗಿದ್ದರು.

ಸುತ್ತುವ ಕೆಲಸ ಅವಳಿಗೆ ಸಾಕಾಗಿತ್ತು. ಅವಳಿಗೆ ಬೇಕಾಗಿದ್ದು ಮಗ್ಗ. ಅಲ್ಲಿ ನೇಯುವವರೆಲ್ಲ ಹುಟ್ಟಿನಿಂದ ನೇಕಾರರು. ಕುರಿ ಕಾಯುವವರ ಮನೆಯ ಹೆಂಗಸು ಮಗ್ಗದಲ್ಲಿ ಕೂರುವುದೆಂದರೆ ನಗುವವರು ಇದ್ದರು. ಅಕ್ಕ ಬಿಡಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಖಾಲಿ ಮಗ್ಗದಲ್ಲಿ ಕೂತು ಕೈ ಪಳಗಿಸಿಕೊಂಡಳು. ಕಡೆಗೆ ಮಾಲೀಕರು ಒಪ್ಪಿದರು. ದೀಪಾವಳಿಗೆ ಒಬ್ಬ ನೇಕಾರ ಕೆಲಸ ಬಿಟ್ಟು ಊರಿಗೆ ಹೋಗುವವನಿದ್ದ, ಆ ಮಗ್ಗ ಅಕ್ಕನಿಗೆ. ಆ ಮಾತು ಸಿಕ್ಕ ದಿನ ಅವಳು ಮನೆಗೆ ಬಂದು ಹೋಳಿಗೆ ಮಾಡಿದಳು. ಹಬ್ಬವಿಲ್ಲ, ಹರಿದಿನವಿಲ್ಲ. ಭಾವ, "ಏನು ವಿಶೇಷ?" ಎಂದರೆ, "ತಿನ್ನು ಸುಮ್ನೆ" ಎಂದಳು.

ಮುಂಗಾರು ಬಂದಂತೆ ಮಾಡಿ ಹೋಯಿತು. ಮೋಡ, ಸೆಕೆ, ಜಿಗುಟು ಗಾಳಿ. ಆ ಹೊತ್ತಿಗೇ ಅಕ್ಕನ ಬೆರಳ ಸಂದಿಯಲ್ಲಿ ಕೆಂಪು ಗುಳ್ಳೆ ಎದ್ದವು. ಬಣ್ಣ ಹಾಕುವ ಮನೆಯಲ್ಲಿ ಆಳು ಕಡಿಮೆಯಾಗಿ ಇವಳನ್ನೂ ನೂಲು ತೊಳೆಯಲು ಕರೆಯುತ್ತಿದ್ದರು. ಸೋಡಾ, ಸಾಬೂನು, ಬಣ್ಣದ ನೀರು, ಎಲ್ಲದಕ್ಕೂ ಬರಿಗೈ. ಮೊದಲು ತುರಿಕೆ, ಆಮೇಲೆ ಸಿಪ್ಪೆ ಏಳುವುದು, ಆಮೇಲೆ ಸೀಳು. ನೋವನ್ನು ಅವಳು ಲೆಕ್ಕಕ್ಕೆ ಇಡುತ್ತಿರಲಿಲ್ಲ. ಆದರೆ ರೇಷ್ಮೆಗೆ ಒರಟು ಬೆರಳು ಆಗುವುದಿಲ್ಲ. ಎದ್ದ ಸಿಪ್ಪೆಗೆ ಎಳೆ ಸಿಕ್ಕಿಕೊಳ್ಳುತ್ತದೆ, ಎಳೆದರೆ ತುಂಡಾಗುತ್ತದೆ.

ಮಾಲೀಕರು ಒಂದು ದಿನ ಅವಳ ಕೈ ಹಿಡಿಸಿ ನೋಡಿದರು. ಆ ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. "ಏಮ್ಮಾ ಗಂಗಮ್ಮಾ, ಈ ಕೈಯಾಗೆ ರೇಷ್ಮೆ ಮುಟ್ಟಿದ್ರೆ ಹೆಂಗೆ? ವಾಸಿ ಮಾಡ್ಕೊಂಡು ಬಾ. ಮಗ್ಗ ಎಲ್ಲಿಗೂ ಹೋಗಲ್ಲ."

"ದೀಪಾವಳಿಗೆ ಅಂದಿದ್ರಲ್ರಿ."

"ಅಂದೀನಿ. ಕೈ ಸರಿ ಇದ್ರೆ ದೀಪಾವಳಿಗೇ."

ನಾನೇ ಅವಳನ್ನು ಚಳ್ಳಕೆರೆಗೆ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ನಿಧಾನವಾಗಿ ನೋಡಿ, ಇದು ಸೋಂಕಲ್ಲ, ತೊಳೆಯುವ ನೀರಿಗೋ ಬಣ್ಣಕ್ಕೋ ಚರ್ಮ ಮುನಿಸಿಕೊಂಡಿದೆ ಎಂದರು. ಒಂದು ಮುಲಾಮು ಬರೆದರು, ಆ ನೀರು ಮುಟ್ಟಬೇಡಿ, ಕೆಲವು ವಾರ ಕೈಗೆ ಬಿಡುವು ಕೊಡಿ, ಬೇರೆ ಏನನ್ನೂ ಹಚ್ಚಬೇಡಿ ಎಂದರು. ಬೇಕಾದರೆ ಗ್ಲೌಸ್ ಹಾಕಿಕೊಳ್ಳಿ ಎಂದಾಗ ಅಕ್ಕ ನಕ್ಕಳು. ಬಸ್ಸಿನಲ್ಲಿ ನನಗೆ ಹೇಳಿದಳು, "ಎಳೆ ಎಲ್ಲಿ ಕಡಿತು ಅಂತ ಬೆರಳಿಗೆ ಗೊತ್ತಾಗ್ಬೇಕು ಮಂಜಿ. ಗ್ಲೌಸು ಹಾಕ್ಕೊಂಡ್ರೆ ಕುರುಡಿ ಆದಂಗೆ."

ಆ ಡಾಕ್ಟರು ಹೇಳಿದ್ದೇ ಸರಿಯಾದ ಮದ್ದು. ಆದರೆ ವಾರಗಳು ಎಂದರಲ್ಲ, ಅದು ಅಕ್ಕನಿಗೆ ಹಿಡಿಸಲಿಲ್ಲ. ಅವ್ವನಿಗೆ ಫೋನ್ ಮಾಡಿದಳು. ಅವ್ವ ಮಾರನೆಯ ದಿನವೇ ದೊಡ್ಡಪ್ಪನನ್ನು ಕರೆದುಕೊಂಡು ಬಂದಳು.

ನಮ್ಮ ಅಪ್ಪನ ಅಣ್ಣ ಇವನು. ಹೆಸರು ಓಬಯ್ಯ. ಸುತ್ತಲ ಹಟ್ಟಿಗಳಿಗೆಲ್ಲ ಕಜ್ಜಿ, ಗಂಧೆ, ಸರ್ಪಸುತ್ತು, ಏನಾದರೂ ದೊಡ್ಡಪ್ಪನೇ. ಕಾಸು ಮುಟ್ಟುವುದಿಲ್ಲ, ಎಲೆ ಅಡಿಕೆ ಕೊಟ್ಟರೆ ಆಯಿತು. ಆದರೆ ಕಟ್ಟಳೆ ಬಹಳ. ಸೊಪ್ಪನ್ನು ಬೆಳಗಿನ ಹೊತ್ತು ಒಬ್ಬನೇ ಹೋಗಿ ತರಬೇಕು, ಮುಷ್ಟಿಯಲ್ಲಿ ಮುಚ್ಚಿಕೊಂಡೇ ತರಬೇಕು. ಬಾಗಿಲು ಹಾಕಿಕೊಂಡು ಅರೆಯಬೇಕು. ಅದರ ಹೆಸರನ್ನು ಯಾರಿಗೂ ಹೇಳಬಾರದು, ಹೇಳಿದರೆ ಕೈಗುಣ ಹೋಗುತ್ತದೆ. ಕಟ್ಟಿದ ಬಟ್ಟೆಯನ್ನು ಕಟ್ಟಿದವನೇ ಬಂದು ಬಿಚ್ಚಬೇಕು. ನಡುವೆ ಬೇರೆ ಯಾರಾದರೂ ಬಿಚ್ಚಿದರೆ ಮದ್ದು ಮುನಿಯುತ್ತದೆ, ಮತ್ತೆ ಆ ಮೈಗೆ ಹತ್ತುವುದಿಲ್ಲ. ಒಮ್ಮೆ ಯಾವುದೋ ದೂರದ ಕಾಲೇಜಿನವರು ಹಳ್ಳಿ ಔಷಧಿಗಳ ಬಗ್ಗೆ ತಿಳಿಯಲು ಹಟ್ಟಿಗೆ ಬಂದಿದ್ದಾಗ ದೊಡ್ಡಪ್ಪ ಅವರನ್ನು ಊರಾಚೆ ಕರೆದುಕೊಂಡು ಹೋಗಿ, ಯಾವುದೋ ಕೆಲಸಕ್ಕೆ ಬಾರದ ಕಳೆ ಕಿತ್ತು ಕೊಟ್ಟು ಕಳಿಸಿದ್ದ. ಅವರು ಅದನ್ನು ಜೋಪಾನವಾಗಿ ಕವರಿಗೆ ಹಾಕಿಕೊಂಡು ಹೋದರು. ಆ ಕಳೆಯಲ್ಲಿ ಅವರು ಏನು ಕಂಡುಹಿಡಿದರೋ ದೇವರೇ ಬಲ್ಲ. ಹಟ್ಟಿಯವರು ಇದನ್ನು ಹೇಳಿಕೊಂಡು ಇವತ್ತಿಗೂ ನಗುತ್ತಾರೆ. ನಾನೂ ಆಗ ನಕ್ಕಿದ್ದೆ.

ಮೊದಲ ಸಲ ಕಟ್ಟಿದ್ದು ಹಸಿರು ಮದ್ದು. ಹೊಂಗೆ ಎಣ್ಣೆ, ಅರಿಸಿನ ಸೇರಿದೆ ಎಂದು ವಾಸನೆಯಿಂದಲೇ ತಿಳಿಯುತ್ತಿತ್ತು. ಜೊತೆಗಿದ್ದ ಸೊಪ್ಪು ಯಾವುದೋ, ಅವನೇ ಬಲ್ಲ. ತಂಪಾಗಿದೆ ಎಂದಳು ಅಕ್ಕ. ಅದರ ಜೊತೆಗೆ ಪಥ್ಯ: ನೀರು ಮುಟ್ಟುವಂತಿಲ್ಲ, ಸಾಬೂನು ಮುಟ್ಟುವಂತಿಲ್ಲ, ಬಣ್ಣದ ಮನೆ ಕಡೆ ತಲೆ ಹಾಕುವಂತಿಲ್ಲ. ಪಾತ್ರೆ ನಾನು ತೊಳೆದೆ, ಬಟ್ಟೆ ಭಾವ ಒಗೆದ. ದೊಡ್ಡಪ್ಪ ಹೇಳಿದ ದಿನಕ್ಕೆ ಬಂದು ಬಿಚ್ಚಿದಾಗ ಕೈ ನಿಜಕ್ಕೂ ನುಣುಪಾಗಿತ್ತು. ಡಾಕ್ಟರು ಬಿಡುವು ಕೊಡಿ ಎಂದಾಗ ಯಾರೂ ಕೇಳಲಿಲ್ಲ, ದೊಡ್ಡಪ್ಪ ಪಥ್ಯ ಎಂದಾಗ ಇಡೀ ಮನೆ ಕೇಳಿತು. ನನ್ನ ಲೆಕ್ಕದಲ್ಲಿ ವಾಸಿ ಮಾಡಿದ್ದು ಆ ಪಥ್ಯವೇ. ಸೊಪ್ಪಿನ ಪಾಲೂ ಸ್ವಲ್ಪ ಇರಬಹುದು, ಇಲ್ಲ ಎನ್ನಲು ನನಗೆ ಆಧಾರವಿಲ್ಲ, ಹೌದು ಎನ್ನಲು ಆ ಸೊಪ್ಪು ಯಾವುದೆಂದೇ ಗೊತ್ತಿಲ್ಲ. ಇದನ್ನೇ ಅವತ್ತು ಅಕ್ಕನಿಗೆ ಹೇಳಿದೆ. "ನಿನ್ನ ಬಿಎಸ್ಸಿ ನೀನೇ ಇಟ್ಕೊ" ಎಂದಳು.

ಕೈ ವಾಸಿಯಾದ ಕೂಡಲೇ ಮತ್ತೆ ಕೆಲಸಕ್ಕೆ ಹೋದಳು. ಮತ್ತೆ ನೂಲು ತೊಳೆದಳು. ನವರಾತ್ರಿ ಹೊತ್ತಿಗೆ ಗುಳ್ಳೆಗಳು ಮೊದಲಿಗಿಂತ ಜೋರಾಗಿ ಎದ್ದವು. ದೀಪಾವಳಿ ಹತ್ತಿರ ಬಂದಿತ್ತು. ಅಷ್ಟರಲ್ಲಿ ಮಗ್ಗ ಬಿಡುವ ನೇಕಾರ ಗಂಟು ಮೂಟೆ ಕಟ್ಟುತ್ತಿದ್ದ, ಅವನ ಜಾಗದ ಮೇಲೆ ಇನ್ನೊಬ್ಬಳ ಕಣ್ಣೂ ಇತ್ತು. ಅಕ್ಕ ಈ ಸಲ ಡಾಕ್ಟರ ಹೆಸರನ್ನೂ ಎತ್ತಗೊಡಲಿಲ್ಲ. "ಹೋದ್ಸಲ ಹೋಗಿತ್ತಲ್ಲ, ಈ ಸಲನೂ ಹೋಗ್ತೈತೆ," ಎಂದು ದೊಡ್ಡಪ್ಪನಿಗೇ ಹೇಳಿಕಳಿಸಿದಳು.

ದೊಡ್ಡಪ್ಪ ತಡವಾಗಿ ಬಂದ. ಸರ್ಕಾರ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಕೊಟ್ಟಿದ್ದ ಕಾವಲಿನ ಸುತ್ತ ಆ ಕೆಲವೇ ತಿಂಗಳಲ್ಲಿ ಗೋಡೆ ಎದ್ದಿತ್ತು. ಅಲ್ಲೇ ಹುಲ್ಲು ಮೇಯುತ್ತಿದ್ದ ಕುರಿಗಳನ್ನು ಹೊಡೆದುಕೊಂಡು ನಮ್ಮವರು ದೇವಸಮುದ್ರ ದಾಟಿ ಆಂಧ್ರದ ಕಡೆ ಹೋಗಬೇಕಾಗಿತ್ತು. ಹಿಂಡು ಮುಂದೆ ಹೊರಟಿತ್ತು, ಅವನು ನಡುದಾರಿಯಲ್ಲಿ ಅದನ್ನು ಬಿಟ್ಟು ಬಂದಿದ್ದ. ಕಣ್ಣಲ್ಲಿ ಆತುರ. ಕೋಣೆಯ ಬಾಗಿಲು ಹಾಕಿಕೊಂಡು ಅರೆದು ತಂದದ್ದು ಈ ಸಲ ಹಸಿರಾಗಿರಲಿಲ್ಲ, ಮಣ್ಣಿನ ಬಣ್ಣಕ್ಕಿತ್ತು.

"ಇದು ಬ್ಯಾರೆ ಥರ ಐತಲ್ಲ ದೊಡ್ಡಪ್ಪ," ಎಂದಳು ಅಕ್ಕ.

"ಸುಮ್ನೆ ಕಟ್ಟಿಸ್ಕೊ. ಮದ್ದನ್ನ ಕೇಳಬಾರ್ದು."

"ದೀಪಾವಳಿಗೆ ವಾಸಿ ಆಗ್ತೈತಾ?"

"ಅದಕ್ಕೇ ಜೋರಿಂದು ತಂದೀನಿ. ಉರೀತೈತೆ. ಉರಿದ್ರೆ ಮದ್ದು ಹಿಡೀತು ಅಂತ ತಿಳ್ಕೊ. ನಾನು ಬಂದು ಬಿಚ್ಚೋಗಂಟ ಯಾರೂ ಮುಟ್ಟಬ್ಯಾಡ್ರಿ."

ಎರಡೂ ಕೈಗೆ ದಪ್ಪನಾಗಿ ಬಳಿದು, ಹಳೆಯ ಪಂಚೆಯ ಬಟ್ಟೆ ಸುತ್ತಿ, ಬಿಗಿಯಾಗಿ ಗಂಟು ಹಾಕಿ ದೊಡ್ಡಪ್ಪ ಬಸ್ಸು ಹತ್ತಿದ. ಭಾನುವಾರ ಬಂದು ಬಿಚ್ಚುತ್ತೇನೆ ಎಂದಿದ್ದ.

ಸಂಜೆಗೇ ಉರಿ ಶುರುವಾಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಅಕ್ಕನ ಮುಖ ಬಿಳಿಚಿಕೊಂಡಿತ್ತು, ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಬಿಚ್ಚೋಣ ಎಂದೆ. ಬೇಡ ಎಂದಳು. "ಹಿಡಿದೈತೆ ಮಂಜಿ, ಹಿಡಿದೈತೆ ಅಂತನೇ ಉರಿಯೋದು." ಮೊಣಕೈವರೆಗೆ ಊತ ಬಂದಾಗ ನಾನು ಕತ್ತರಿ ತೆಗೆದುಕೊಂಡು ಬಂದೆ. ಅವಳು ಎರಡೂ ಕೈಗಳನ್ನು ಎದೆಗೆ ಅವಚಿಕೊಂಡು ಗೋಡೆ ಕಡೆ ತಿರುಗಿ ಕೂತಳು. ಅವ್ವನಿಗೆ ಫೋನ್ ಮಾಡಿದರೆ ಅವ್ವನೂ ಅದೇ ಮಾತು: "ಅವ್ನು ಬಂದೇ ಬಿಚ್ಚಬೇಕು. ನೀನು ಮುಟ್ಟಿ ಅನ್ಯಾಯ ಮಾಡ್ಬ್ಯಾಡ." ನಾನು ಅತ್ತೆ, ಬೈದೆ, ಕಾಲು ಹಿಡಿದುಕೊಂಡೆ. ಬಿಎಸ್ಸಿ ಓದಿದ ಹುಡುಗಿಯ ಮಾತಿಗೆ ಆ ಮನೆಯಲ್ಲಿ ಒಂದು ಗಂಟಿನಷ್ಟೂ ಬೆಲೆ ಇರಲಿಲ್ಲ.

ಭಾನುವಾರ ಬಂತು, ದೊಡ್ಡಪ್ಪ ಬರಲಿಲ್ಲ. ಅವನ ಮಗನ ಫೋನಿಗೆ ಹತ್ತು ಸಲ ಮಾಡಿದರೂ ಸ್ವಿಚ್ ಆಫ್. ಹಿಂಡಿನ ಜೊತೆ ಹೋದವರಿಗೆ ಚಾರ್ಜು ಎಲ್ಲಿಂದ ಬರಬೇಕು. ಭಾವ ಮಂಡಿಯಲ್ಲಿ ರಜೆ ಹೇಳಿ, ಯಾರದೋ ಗಾಡಿ ಇಸಕೊಂಡು ದೇವಸಮುದ್ರದ ಆಚೆಗೆ ಹುಡುಕಿಕೊಂಡು ಹೋದ. ದಾರಿಯಲ್ಲಿ ಸಿಕ್ಕ ಕುರಿಯವರನ್ನೆಲ್ಲ ಕೇಳಿದನಂತೆ. ಒಬ್ಬರು ರಾಯದುರ್ಗದ ಕಡೆ ಎಂದರೆ, ಇನ್ನೊಬ್ಬರು ಇನ್ನೂ ಮುಂದೆ ಎಂದರು. ಕಾವಲಿನಲ್ಲೇ ಮೇಯುತ್ತಿದ್ದ ಕಾಲವಾಗಿದ್ದರೆ ಅರ್ಧ ದಿನದಲ್ಲಿ ಹಿಡಿದು ತರಬಹುದಿತ್ತು. ಭಾವ ಬರಿಗೈಯಲ್ಲಿ ವಾಪಸು ಬಂದಾಗ ಅಕ್ಕನಿಗೆ ಮೈ ಸುಡುವ ಜ್ವರ, ಬಟ್ಟೆಯಿಂದ ಕೊಳೆತ ವಾಸನೆ. ಅವನು ಯಾರನ್ನೂ ಕೇಳಲಿಲ್ಲ. ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡು ಕತ್ತರಿಸಿದ. ಬಟ್ಟೆಯ ಜೊತೆಗೆ ಚರ್ಮವೂ ಎದ್ದು ಬಂತು. ಅಕ್ಕ ಕಿರುಚಲಿಲ್ಲ. "ಎಂಥ ಕೆಲಸ ಮಾಡ್ದಿ, ಇನ್ನು ಹತ್ತಲ್ಲ ಅದು," ಎಂದು ಗಂಡನನ್ನೇ ಬೈದಳು. ಆ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಚಳ್ಳಕೆರೆಯ ಆಸ್ಪತ್ರೆಯಲ್ಲಿ ಅದೇ ಡಾಕ್ಟರು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. ಇದು ಅಲರ್ಜಿ ಅಲ್ಲ, ಸುಟ್ಟ ಗಾಯ, ಅದರ ಮೇಲೆ ಸೋಂಕು ಸೇರಿದೆ ಎಂದರು. ಏನು ಹಚ್ಚಿದ್ದು ಎಂದು ನಮ್ಮನ್ನೆಲ್ಲ ಕೇಳಿದರು. ಯಾರಿಗೆ ಗೊತ್ತು? ದೊಡ್ಡಪ್ಪ ಸುದ್ದಿ ತಿಳಿದು ವಾರ್ಡಿಗೆ ಬಂದಾಗ ಅಕ್ಕನ ಎರಡೂ ಕೈಗೆ ಆಸ್ಪತ್ರೆಯ ಬ್ಯಾಂಡೇಜು. ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಮಂಚದ ಪಕ್ಕ ನೆಲದ ಮೇಲೆ ಕೂತ.

"ಏನು ಹಚ್ಚಿದ್ರಿ ಅಜ್ಜಾ?" ಡಾಕ್ಟರು ಕೇಳಿದರು.

"ಮದ್ದು."

"ಯಾವ ಮದ್ದು? ಹೆಸರು ಹೇಳಿ. ನಾನು ಬೈಯೋದಿಲ್ಲ. ತಿಳಿದ್ರೆ ನನಗೆ ಅನುಕೂಲ."

ನಾನು ಅವನ ಮುಂದೆ ಕುಕ್ಕರಿಸಿ, "ಹೇಳು ದೊಡ್ಡಪ್ಪ, ನಿನ್ನ ಮಗಳಿದ್ದಂಗೆ ಅಲ್ವಾ ಅವ್ಳು," ಎಂದೆ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ಬಾಯಿ ಮಾತ್ರ ಬಿಡಲಿಲ್ಲ. ಕಡೆಗೆ ಡಾಕ್ಟರ ಕಡೆ ತಿರುಗಿ, "ಹೇಳಿದ್ರೆ ನಾಳೆ ನನ್ನ ಬಾಗ್ಲಿಗೆ ಬಂದೋರ್ಗೆ ಏನು ಕೊಡ್ಲಿ ತಾಯಿ?" ಎಂದ. ಎದ್ದು ಹೋದ.

ಗಾಯದ ರೀತಿ ನೋಡಿ ಚಿತ್ರಮೂಲದ ಬೇರು ಇರಬಹುದು ಎಂದು ಡಾಕ್ಟರೇ ಊಹಿಸಿದರು. ಹಸಿ ಬೇರು ಅರೆದು ಹಚ್ಚಿ ಬಿಗಿಯಾಗಿ ಕಟ್ಟಿದರೆ ಬೊಬ್ಬೆ ಏಳುತ್ತದಂತೆ. ಬೇಗ ತೊಳೆದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು. ಆಮೇಲೆ ನಾನು ಬಿ.ಇಡಿ ಓದುವಾಗ ಲೈಬ್ರರಿಯಲ್ಲಿ ಆ ಬೇರಿನ ಬಗ್ಗೆ ಹುಡುಕಿ ಓದಿದೆ. ಅದರ ಸತ್ವಕ್ಕೂ ಲ್ಯಾಬಿನಲ್ಲಿ ಕ್ರಿಮಿಯನ್ನು, ಬೂಷ್ಟನ್ನು ಕೊಲ್ಲುವ ಶಕ್ತಿ ಇದೆ ಎಂದು ಬರೆದಿತ್ತು. ಅದೇ ಸತ್ವ ಚರ್ಮವನ್ನೂ ಸುಡುತ್ತದೆ ಎಂದೂ ಬರೆದಿತ್ತು. ವಾಟ್ಸಾಪಿನವರು ಮೊದಲನೆಯ ಸಾಲನ್ನು ಮಾತ್ರ ಕಳಿಸುತ್ತಾರೆ. ಆದರೂ ಅದು ಚಿತ್ರಮೂಲವೇ ಎಂದು ನನಗೆ ಖಾತ್ರಿಯಾಗಲಿಲ್ಲ, ಇವತ್ತಿಗೂ ಆಗಿಲ್ಲ.

ಮದ್ದು ಯಾಕೆ ಬದಲಾಯಿತು ಎಂಬುದು ಮಾತ್ರ ತಿಳಿಯಿತು. ಸಂಕ್ರಾಂತಿಗೆ ಹಟ್ಟಿಗೆ ಹೋದಾಗ ದೊಡ್ಡವ್ವ ಒಲೆ ಮುಂದೆ ಕೂತು ಹೇಳಿದಳು. "ಆ ಹಸಿರು ಸೊಪ್ಪು ಕಾವಲಾಗೇ ಬೆಳೀತಿತ್ತು ಕಣೆ. ಗೋಡೆ ಹಾಕಿದ್ಮ್ಯಾಲೆ ಒಳಗೆ ಬಿಡಲ್ಲ. ಸುತ್ತೆಲ್ಲ ಹುಡುಕಿದ, ಸಿಗ್ಲಿಲ್ಲ. ನಮ್ಮ ಕೂಸು ಕೇಳೈತೆ, ಬರಿಗೈಯಾಗೆ ಹೆಂಗೆ ಹೋಗ್ಲಿ ಅಂತ ಗುಡ್ಡದ ಕಡೆಯಿಂದ ಏನೋ ಬೇರು ತಂದ." ಹೆಸರಿದ್ದ ಮದ್ದಾಗಿದ್ದರೆ ಬದಲಾಗಿದ್ದು ಯಾರಿಗಾದರೂ ಗೊತ್ತಾಗುತ್ತಿತ್ತು. ಅವ್ವನಾದರೂ ಕೇಳುತ್ತಿದ್ದಳು, ಅದೆಲ್ಲಿ, ಇದ್ಯಾಕೆ ಎಂದು. ಹೆಸರೇ ಇಲ್ಲದ ಮೇಲೆ ಅದೂ ಮದ್ದೇ, ಇದೂ ಮದ್ದೇ. ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ಅವನು ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ದೀಪಾವಳಿ ಅಕ್ಕ ವಾರ್ಡಿನಲ್ಲಿದ್ದಾಗಲೇ ಕಳೆದುಹೋಯಿತು. ಮಾಲೀಕರು ಒಂದು ಸಲ ಹಣ್ಣು ತೆಗೆದುಕೊಂಡು ಬಂದು ನೋಡಿಹೋದರು. ಮಗ್ಗದ ಮಾತು ಅವರೂ ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ. ಆ ಜಾಗದಲ್ಲಿ ಇನ್ನೊಬ್ಬಳು ಕೂತಾಗಿತ್ತು. ಗಾಯ ಮಾಯುವಾಗ ಚರ್ಮ ಬಿಗಿದುಕೊಂಡು ಬಲಗೈಯ ಎರಡು ಬೆರಳು ಒಳಕ್ಕೆ ಮಡಚಿಕೊಂಡವು, ಎಡಗೈಯ ಹೆಬ್ಬೆರಳು ಪೂರ್ತಿ ಬಗ್ಗುವುದಿಲ್ಲ. ಮಗ್ಗದ ಲಾಳಿ ಹಿಡಿಯುವುದಿರಲಿ, ನೂಲು ಸುತ್ತುವ ರಾಟೆಯ ಕೆಲಸವೂ ಹೋಯಿತು. ಅಕ್ಕ ಒಂದು ಮನೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಅಲ್ಲಿಗೆ ಹೋಗುವಾಗ ಮಗ್ಗದ ಸದ್ದು ಕೇಳಿಸಬಾರದೆಂದು ಹಿಂದಿನ ಬೀದಿಯಿಂದ ಸುತ್ತು ಹಾಕುತ್ತಾಳೆ ಎಂದು ಭಾವ ನನಗೊಬ್ಬಳಿಗೇ ಹೇಳಿದ್ದಾನೆ.

ದೊಡ್ಡಪ್ಪ ಹೋದ ವರ್ಷ ತೀರಿಕೊಂಡ. ಸಾಯುವ ಮುಂಚೆ ಒಂದು ಬೆಳಿಗ್ಗೆ ಅಕ್ಕನನ್ನು ಹಟ್ಟಿಗೆ ಕರೆಸಿ, ಹೆತ್ತ ಮಕ್ಕಳನ್ನು ಹೊರಗೆ ಕಳಿಸಿ, ಸೊಪ್ಪುಗಳ ಹೆಸರನ್ನೆಲ್ಲ ಅವಳ ಕಿವಿಯಲ್ಲಿ ಹೇಳಿದನಂತೆ. ಇದು ಅವನು ಕೊಟ್ಟ ಪರಿಹಾರ. ಕೈ ತೆಗೆದುಕೊಂಡವನು ಕೈಗುಣ ಕೊಟ್ಟು ಹೋದ. ಈಗ ಜನ ಅಕ್ಕನ ಬಾಗಿಲಿಗೆ ಬರುತ್ತಾರೆ. ಮಡಚಿದ ಆ ಬೆರಳುಗಳನ್ನು ನೋಡಿದರೆ ಅವರಿಗೆ ಭಕ್ತಿ ಹೆಚ್ಚಾಗುತ್ತದಂತೆ.

ವಿಷಯ ತಿಳಿದ ದಿನ ಶಾಲೆಗೆ ರಜೆ ಹಾಕಿ ಮೊಳಕಾಲ್ಮೂರಿಗೆ ಹೋದೆ. ಅಕ್ಕ ಟೀ ಕೊಟ್ಟಳು. ನಾನು ಸುತ್ತಿ ಬಳಸಲಿಲ್ಲ.

"ಅವತ್ತು ನಿನ್ನ ಕೈಗೆ ಹಚ್ಚಿದ್ದು ಏನು ಅಂತ ಈಗ ನಿನಗೆ ಗೊತ್ತೈತೆ."

"ಗೊತ್ತೈತೆ."

"ಏನದು?"

ಅವಳು ಲೋಟ ಕೆಳಗಿಟ್ಟಳು. "ನಾನು ಅದನ್ನ ಯಾರ್ಗೂ ಹಚ್ಚಲ್ಲ, ಬಿಡು."

"ನೀನು ಹಚ್ಚಲ್ಲ. ನಾಳೆ ನೀನು ಯಾರ ಕಿವೀಲಿ ಹೇಳ್ತೀಯೋ ಅವ್ರು ಹಚ್ತಾರೆ. ಹೆಸರು ಹೇಳಕ್ಕ. ಡಾಕ್ಟರಿಗೆ ಹೇಳ್ತೀನಿ, ನನ್ನ ಮಕ್ಕಳಿಗೆ ಪಾಠದಲ್ಲಿ ಹೇಳ್ತೀನಿ. ಆ ಹಸಿರು ಸೊಪ್ಪಿಂದೂ ಹೇಳು. ಅದ್ರಲ್ಲಿ ಗುಣ ಇದ್ರೆ ಯಾರಾದ್ರೂ ಸರಿಯಾಗಿ ನೋಡ್ಲಿ, ನಾಲ್ಕು ಜನಕ್ಕೆ ಆಗ್ಲಿ. ನಿನ್ನ ಕೈ ಹೋಗಿದ್ದಕ್ಕೆ ಅಷ್ಟಾದ್ರೂ ಆಗ್ಲಿ."

ಅಕ್ಕ ನನ್ನತ್ತ ತಿರುಗಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. "ಮಗ್ಗ ಹೋತು, ರಾಟೆ ಹೋತು," ಎಂದಳು. "ನನ್ನ ಹತ್ರ ಉಳಿದಿರೋದು ಇದೊಂದೇ ಮಂಜಿ. ಇದನ್ನೂ ಕೊಡು ಅಂತೀಯಲ್ಲ."

ಅಷ್ಟರಲ್ಲಿ ಹೊಸಿಲ ಮೇಲೆ ಒಬ್ಬ ತಾಯಿ ಬಂದು ನಿಂತಳು, ಕಂಕುಳಲ್ಲಿ ಮಗು, ಮಗುವಿನ ಕೆನ್ನೆ ತುಂಬ ಕೆಂಪು ಗುಳ್ಳೆ. ಅಕ್ಕ ಎದ್ದು, ಸರಿಯಾಗಿ ಬಗ್ಗದ ಹೆಬ್ಬೆರಳಿನಿಂದ ಆ ಕೆನ್ನೆ ಮುಟ್ಟಿ ನೋಡಿದಳು. ಒಳಗಿನಿಂದ ಒರಳು ತಂದಿಟ್ಟುಕೊಂಡಳು. ಆಮೇಲೆ ಬಾಗಿಲ ಹತ್ತಿರ ನಿಂತು ನಾನು ಏಳಲೆಂದು ಕಾದಳು.

"ನೀನು ಸ್ವಲ್ಪ ಹೊರಗೆ ಕೂತ್ಕೊ," ಎಂದಳು. "ಅರೀಬೇಕು."